ಅವ್ವನ ಹೆಸರಿನ ಚೀಟಿ

ನನ್ನ ಅವ್ವ ಕಣ್ಣು ಮುಚ್ಚುವ ಮೊದಲು ಕೇಳಿದ್ದು ಒಂದೇ. ತನ್ನ ಹೆಸರಿನಲ್ಲಿ ದೀಪದಾನ ಆಗಬೇಕು, ಅದೂ ಕರೆಂಟ್ ಇಲ್ಲದ ಮನೆಗಳಿಗೆ. ಬೆಳ್ಳಿ ದೀಪ ಕೊಟ್ಟರೆ ಆಚಾರ್ಯರು ಕಪಾಟಿನಲ್ಲಿ ಇಟ್ಟು ಬೀಗ ಹಾಕುತ್ತಾರೆ ಎಂದು ನಕ್ಕಿದ್ದಳು. ಕಲಬುರಗಿಯ ಬಜಾರದಲ್ಲಿ ಹದಿನೆಂಟು ಸೋಲಾರ್ ಟಾರ್ಚು ಕೊಂಡೆ. ನಮ್ಮ ಕಡೆ ಅದಕ್ಕೆ ಬ್ಯಾಟರಿ ಅನ್ನುತ್ತೇವೆ. ಕಮಲಾಪುರದಾಚೆ ಹೊಲಗಳ ನಡುವೆ ಅಷ್ಟೇ ಮನೆಗಳ ಒಂದು ವಸ್ತಿ ಇದೆ. ಅಲ್ಲಿ ಕಂಬ ನೆಟ್ಟಿದ್ದಾರೆ, ತಂತಿ ಎಳೆದಿಲ್ಲ. ಅವ್ವನ ಹೆಸರು ಬರೆದು 'ಇವರ ಸ್ಮರಣಾರ್ಥ' ಎಂದು ಅಚ್ಚು ಹಾಕಿಸಿದ ಚೀಟಿಯನ್ನು ಒಂದೊಂದಕ್ಕೂ ಅಂಟಿಸಿದೆ. ತಂಗಿ ಎಲ್ಲವನ್ನೂ ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿದಳು.

ಬಸ್ಸು ಮಹಾಗಾಂವ ದಾಟುವಷ್ಟರಲ್ಲಿ ನನ್ನ ತಲೆ ಕೆಟ್ಟಿತು. ಸತ್ತವರ ದಾನ ಅಂದರೆ ನಮ್ಮ ಮಂದಿಗೆ ಅಂಜಿಕೆ. ಅವ್ವನ ಹನ್ನೊಂದನೆಯ ದಿನ ಛತ್ರಿ, ಚಪ್ಪಲಿ ದಾನ ತೆಗೆದುಕೊಂಡವರು ಹಿಂತಿರುಗಿ ನೋಡದೆ ಹೋಗಿದ್ದರು. ಬಾಣಂತಿ, ಹಸಿಗೂಸು ಇರುವ ಮನೆಯವರು ಇದನ್ನು ಮುಟ್ಟುತ್ತಾರೆಯೇ? ಬೇಡ ಅಂದುಬಿಟ್ಟರೆ? ತುಂಬಿದ ಚೀಲ ಹೊತ್ತು ಹೊಳ್ಳಿ ಬರುವ ನನ್ನ ಮುಖ ಕಣ್ಣ ಮುಂದೆ ಬಂತು. ಅದು ಅವ್ವನ ಚಿಂತೆಯಲ್ಲ, ನನ್ನ ಮಾನದ ಚಿಂತೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಕಮಲಾಪುರದ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಹದಿನೆಂಟೂ ಚೀಟಿಗಳನ್ನು ಉಗುರಿನಿಂದ ಕೆರೆದು ತೆಗೆದೆ.

ವಸ್ತಿಯವರೆಲ್ಲ ಸೇರಿದರು. ಹಗಲು ಬಿಸಿಲು ತಾಗಿದರೆ ಸಂಜೆ ಹತ್ತುತ್ತದೆ ಎಂದು ತಿಳಿಸಿ, ಬ್ಯಾಟರಿಗಳನ್ನು ಕಣದಲ್ಲಿ ಕಂಬಳಿಯ ಮೇಲೆ ಸಾಲಾಗಿ ಇಟ್ಟೆ. ಹೊತ್ತು ಮುಳುಗುವವರೆಗೆ ಇರಲೇಬೇಕು ಎಂದು ಹಿಡಿದು ಕೂರಿಸಿದರು, ರೊಟ್ಟಿ ಉಣ್ಣಿಸಿದರು, ಕೆಂಪು ಬಾಳೆಹಣ್ಣು ಸುಲಿದು ಕೈಗಿಟ್ಟರು. ಅವರಲ್ಲೇ ಹಿರಿಯಳಾದ ಮುದುಕಿ ಒಂದು ಬ್ಯಾಟರಿಯನ್ನು ಸೆರಗಿನಿಂದ ಒರೆಸುತ್ತಿದ್ದಳು. ಬೆರಳಿಗೆ ಅಂಟು ತಾಕಿತು. ಇಲ್ಲಿ ಏನೋ ಇತ್ತಲ್ಲ ಎಂದು ಕೇಳಿದಳು.

"ರೇಟಿನ ಚೀಟಿ ಇತ್ತು, ಯವ್ವಾ," ಅಂದೆ.

ನಾಲಿಗೆ ತಡವರಿಸಲೂ ಇಲ್ಲ.

ಹೊತ್ತು ಮುಳುಗಿತು. ಹದಿನೆಂಟು ಮನೆಯವರೂ ತಮ್ಮ ತಮ್ಮ ಬ್ಯಾಟರಿ ಹಿಡಿದು ನಿಂತರು, ಆದರೆ ಯಾರೂ ಗುಂಡಿ ಒತ್ತಲಿಲ್ಲ. ಮುದುಕಿ ನನ್ನ ಹತ್ತಿರ ಬಂದಳು.

"ತೀರಿಕೊಂಡವರು ಯಾರದರೆ ಹೆಸರಿಲೆ ಕೊಡಾಕತ್ತೀರೇನ್ರೀ? ಇದ್ರ ಹೇಳ್ರಿ. ಮೊದಲ ಹಚ್ಚುವಾಗ ಎಲ್ಲಾರೂ ಅವರ ಹೆಸರು ತಗೋತೀವಿ. ತಗೋಲಿಲ್ಲಂದ್ರ ದಾನದ ಪುಣ್ಯ ಅವರಿಗೆ ಮುಟ್ಟಂಗಿಲ್ಲ."

ಅವಳ ಪಕ್ಕದಲ್ಲಿ ಬಾಣಂತಿ ಸೊಸೆ ಕೂಸನ್ನು ಎತ್ತಿಕೊಂಡು ಕಾಯುತ್ತಿದ್ದಳು. ಅವರಿಗೆ ಇಲ್ಲದ ಅಂಜಿಕೆಯನ್ನು ಅವರ ತಲೆಗೆ ಕಟ್ಟಿದವನು ನಾನು. ಅವ್ವನ ಹೆಸರು ಗಂಟಲವರೆಗೆ ಬಂತು. ಆದರೆ ಹೇಳಿದರೆ, ಬೆರಳಿಗೆ ತಾಕಿದ ಅಂಟು ಯಾವ ಚೀಟಿಯದೆಂದು ಹೊಳೆದು, ಹೆತ್ತವಳ ಹೆಸರನ್ನು ರೇಟಿನ ಚೀಟಿ ಅಂದ ಮಗ ಇವನೇ ಎಂದು ಆ ಮುದುಕಿಗೆ ಗೊತ್ತಾಗುತ್ತಿತ್ತು. ಬೆಳಗಿನಿಂದ ದೇವರಂಥವರು ಅನ್ನಿಸಿಕೊಂಡಿದ್ದೆ, ಅದನ್ನು ಬಿಟ್ಟುಕೊಡಲು ನನ್ನಿಂದಾಗಲಿಲ್ಲ. ಯಾರ ಹೆಸರಿನಲ್ಲೂ ಅಲ್ಲ, ಸುಮ್ಮನೆ ಕೊಟ್ಟಿದ್ದು ಎಂದೆ.

"ಹಂಗಾದ್ರ ನಿಮ್ಮ ಹೆಸರೇ ಹೇಳ್ರಿ," ಅಂದಳು.

ಹೇಳಿದೆ. ಅದನ್ನು ಮಾತ್ರ ಸ್ಪಷ್ಟವಾಗಿ ಹೇಳಿದೆ. ಅಷ್ಟೂ ಜನ ಒಟ್ಟಿಗೆ ನನ್ನ ಹೆಸರು ತೆಗೆದುಕೊಂಡು ಗುಂಡಿ ಒತ್ತಿದರು. ಕಣವೆಲ್ಲ ಬೆಳಕಾಯಿತು. ನಾಚಿಕೆಯಿಂದ ನನ್ನ ತಲೆ ತಾನೇ ತಗ್ಗಿತು. ಎಷ್ಟು ದೊಡ್ಡ ಮನುಷ್ಯರು, ಒಂಚೂರೂ ಸೊಕ್ಕಿಲ್ಲ ನೋಡು ಎಂದು ಹಿಂದಿನಿಂದ ಯಾರೋ ಅಂದರು.

ಕಲಬುರಗಿಯ ಮನೆ ಮುಟ್ಟಿದಾಗ ತಂಗಿ ಬಾಗಿಲಲ್ಲೇ ನಿಂತಿದ್ದಳು. ಅವ್ವನ ಹೆಸರು ತಗೊಂಡರೇನು ಎಂದು ಕೇಳಿದಳು. ಎಲ್ಲರೂ ತಗೊಂಡರು ಎಂದೆ. ಅವಳು ಅತ್ತಳು, ಆಮೇಲೆ ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.