ಕಂಪ್ಲಿಯ ಅಕ್ಕ ಬಂದು ಕೂತ ದಿನ

ದೆವ್ವ, ಗಾಳಿ ಎಂದು ಯಾರಾದರೂ ಶುರು ಮಾಡಿದರೆ ನಕ್ಕು ಎದ್ದು ಹೋಗುತ್ತಿದ್ದವನು ನಾನು. ಹಂಪಿಯಲ್ಲಿರುವ ನಮ್ಮ ನೆಂಟರು ಪಾಳು ಮಂಟಪದಲ್ಲಿ ಗೆಜ್ಜೆ ಸಪ್ಪಳ ಕೇಳಿದ ಕಥೆ ಹೇಳಿದಾಗ, ಬಾವಲಿಗೆ ಗೆಜ್ಜೆ ಕಟ್ಟಿದವರು ಯಾರು ಎಂದು ಕೇಳಿ ಬೈಸಿಕೊಂಡಿದ್ದೇನೆ. ಈಗ ನಾನೇ ಒಂದು ಸಂಗತಿ ಹೇಳಲು ಕೂತಿದ್ದೇನೆ. ನೀವು ನಂಬಲೇಬೇಕೆಂದೇನಿಲ್ಲ.

ನನ್ನ ಹೆಂಡತಿ ಶಾರದೆಯ ಎರಡೂ ಕಿಡ್ನಿ ಕೆಟ್ಟು ಕೆಲವು ವರ್ಷಗಳಾಗಿವೆ. ವಾರದಲ್ಲಿ ಮೂರು ದಿನ ಗಾದಿಗನೂರಿನಿಂದ ಹೊಸಪೇಟೆಗೆ ಡಯಾಲಿಸಿಸ್‌ಗೆ ಹೋಗಬೇಕು. ಮೊದಲ ತಿಂಗಳು ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗಬಾರದಲ್ಲ, ಬಂದವರೆಲ್ಲ ಎಳನೀರು, ಬಾಳೆಹಣ್ಣು ತಂದರು. ಇವಳಿಗೆ ಅವೆರಡೂ ವಿಷ, ಎದೆಬಡಿತವೇ ನಿಂತುಹೋಗಬಹುದು ಎಂದು ಡಾಕ್ಟರು ಎಚ್ಚರಿಸಿದ್ದರು. ಅದನ್ನು ತಿಳಿಸಿದರೆ, ಎಳನೀರು ದೇಹಕ್ಕೆ ತಂಪು ಎಂದು ನನಗೇ ಬುದ್ಧಿ ಹೇಳಿದರು. ಆಮೇಲೆ ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ದಿನಾ ಸಾಯುವವರಿಗೆ ಅಳುವವರು ಯಾರು? ಈ ಗಾದೆ ಕಟ್ಟಿದವನು ನಮ್ಮ ಬಂಧುಬಳಗವನ್ನು ನೋಡಿಯೇ ಕಟ್ಟಿರಬೇಕು.

ಆಸ್ಪತ್ರೆಯಲ್ಲಿ ಪಕ್ಕದ ಮಂಚಕ್ಕೆ ಗಂಗಮ್ಮ ಎಂಬ ಹೆಂಗಸು ಬರುತ್ತಿದ್ದಳು. ಕಂಪ್ಲಿಯ ರೈಸ್‌ಮಿಲ್ಲಿನಲ್ಲಿ ಅಕ್ಕಿ ಹಸನು ಮಾಡುತ್ತಿದ್ದವಳು. ಒಬ್ಬಳೇ ಬಸ್ಸಿನಲ್ಲಿ ಬಂದು ಒಬ್ಬಳೇ ಹೋಗುತ್ತಿದ್ದಳು. ಅಳತೆ ಮೀರಿ ನೀರು ಕುಡಿಯುವಂತಿಲ್ಲದ ಶಾರದೆಗೆ ಬಾಯಿ ಒಣಗಿದಾಗ ಲವಂಗ ಚೀಪುವುದನ್ನು ಕಲಿಸಿದವಳು ಆಕೆಯೇ. ನಮ್ಮ ಮನೆ ಯಾವ ಓಣಿಯಲ್ಲಿದೆ ಎಂದು ಆಕೆ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ಅದೊಂದು ಭಾನುವಾರ, ಡಯಾಲಿಸಿಸ್ ಇಲ್ಲದ ದಿನ. ಶಾರದೆಗೆ ಜ್ವರ. ತೋರಣಗಲ್ಲಿನ ಕಾರ್ಖಾನೆಯೊಂದರಲ್ಲಿ ನನ್ನದು ಗುತ್ತಿಗೆ ಕೆಲಸ. ಡಯಾಲಿಸಿಸ್ ದಿನಗಳನ್ನು ಬಿಟ್ಟು ಇನ್ನೊಂದು ರಜೆ ಹಾಕಿದರೆ ಮತ್ತೆ ಬರಬೇಡ ಎಂದಿದ್ದ ಗುತ್ತಿಗೆದಾರ. ಪಕ್ಕದ ಓಣಿಯಲ್ಲಿರುವ ಅಣ್ಣನ ಹೆಂಡತಿಯನ್ನು ಮಧ್ಯಾಹ್ನದಿಂದ ಇವಳ ಹತ್ತಿರ ಕೂತಿರಲು ಕೇಳಿಕೊಂಡೆ. ಅತ್ತಿಗೆ ಹೂಂ ಎಂದರು.

ಚಹಾದ ಹೊತ್ತಿಗೆ ಶಾರದೆಯ ಮೊಬೈಲಿಗೆ ಫೋನ್ ಮಾಡಿದೆ. ಎತ್ತಿದವಳು ಗಂಗಮ್ಮ.

"ಮಲಗ್ಯಾಳ ತಮ್ಮಾ. ನಾ ಅದೀನಿ, ನೀ ಕೆಲಸ ನೋಡ್ಕ."

ಆ ಒಡಕು ದನಿ ನನಗೆ ಚೆನ್ನಾಗಿ ಗೊತ್ತು. ಕಂಪ್ಲಿಯಿಂದ ಇಷ್ಟು ದೂರ ಹೇಗೆ ಬಂದಳೋ ಎಂದು ಆಶ್ಚರ್ಯವಾಯಿತು. ಅದಕ್ಕಿಂತ ಹೆಚ್ಚಾಗಿ ಜೀವಕ್ಕೆ ಸಮಾಧಾನವಾಯಿತು.

ಮನೆಗೆ ಬಂದಾಗ ಶಾರದೆಯ ಜ್ವರ ಇಳಿದಿತ್ತು. ಅತ್ತಿಗೆ ಬಂದಿದ್ದರಂತೆ, ಬಾಗಿಲಲ್ಲೇ ನಿಂತು ಕೊಚ್ಚಿದ ಎಳನೀರು ಕೊಟ್ಟು, ಮನೆಯಲ್ಲಿ ಕೆಲಸವಿದೆ ಎಂದು ಹೋದರಂತೆ. ದಾಹ ತಡೆಯಲಾಗದೆ ಇವಳು ಅದನ್ನು ಬಾಯಿಗೆತ್ತಿದಾಗ ಗಂಗಮ್ಮ ಒಳಗೆ ಬಂದು, ಕಸಿದುಕೊಂಡು ಹಿತ್ತಲಿಗೆ ಚೆಲ್ಲಿ, ಸಂಜೆಯವರೆಗೆ ತಲೆ ಸವರುತ್ತ ಕೂತಿದ್ದಳಂತೆ. ಹಿತ್ತಲಿಗೆ ಹೋಗಿ ನೋಡಿದೆ. ಎಳನೀರಿನ ಬುರುಡೆ ಅಲ್ಲಿ ಬಿದ್ದಿತ್ತು.

ಮರುದಿನ ಆಸ್ಪತ್ರೆಗೆ ಹೋದರೆ ಪಕ್ಕದ ಮಂಚದಲ್ಲಿ ಬೇರೆ ಯಾರೋ ಇದ್ದರು. ಗಂಗಮ್ಮ ಭಾನುವಾರ ಬೆಳಿಗ್ಗೆಯೇ ಕಂಪ್ಲಿಯಲ್ಲಿ ತೀರಿಕೊಂಡಳೆಂದು ನರ್ಸ್ ಹೇಳಿದರು. ಮಧ್ಯಾಹ್ನದೊಳಗೆ ಮಣ್ಣು ಮಾಡಿದ್ದೂ ಆಗಿತ್ತಂತೆ. ಜ್ವರದಲ್ಲಿ ಶಾರದೆಗೆ ಭ್ರಮೆಯಾಯಿತು ಎನ್ನೋಣ. ನನಗೇನು ಜ್ವರ ಬಂದಿತ್ತು?

ಸುದ್ದಿ ಹರಡಿತು. ಮೊದಲ ತಿಂಗಳ ನಂತರ ಇತ್ತ ತಲೆ ಹಾಕದಿದ್ದ ಬಂಧುಗಳು, ಸಂಡೂರಿನವರೂ ಸೇರಿ, ಮನೆ ತುಂಬಾ ಬಂದು ಕೂತರು. ಆಕೆ ಎಲ್ಲಿ ಕೂತಿದ್ದಳು, ಪಾದ ಹಿಂದುಮುಂದಾಗಿದ್ದವೇ ಎಂದು ಕೇಳಿದವರೇ ಎಲ್ಲ. ಶಾರದೆ ಹೇಗಿದ್ದಾಳೆ ಎಂದು ಒಬ್ಬರೂ ಕೇಳಲಿಲ್ಲ. ಶಾಂತಿ ಮಾಡಿಸಲು ಮಾತ್ರ ನಾ ಮುಂದು ತಾ ಮುಂದು ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತಿಗೆಯಂತೂ ಲಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿಯೇ ತಂದಿದ್ದರು.

"ಸತ್ತಾಕಿ ಮನಿಯೊಳಗ ಬಂದಿದ್ದು ಚಲೋ ಅಲ್ಲ. ಇದನ್ನ ಬಾಗಿಲಿಗೆ ಕಟ್ಟು, ಇನ್ನ ಬರಂಗಿಲ್ಲ."

ಗೋಡೆಗೆ ಒರಗಿ ಕೂತಿದ್ದ ಶಾರದೆ ಮೆಲ್ಲಗೆ ಹೇಳಿದಳು: "ಅಕ್ಕಾ, ಬರಾಕಿ ಅಂದ್ರ ಆಕಿ ಒಬ್ಬಾಕಿನ. ಆಕೀನೂ ಬರದಂಗ ಮಾಡ್ತೀರೇನು?"

ಹೊತ್ತಾಯಿತು, ಬಸ್ಸು ತಪ್ಪುತ್ತದೆ ಎನ್ನುತ್ತ ಒಬ್ಬೊಬ್ಬರೇ ಎದ್ದರು.

ಅಂದು ಫೋನೆತ್ತಿದವಳು ಯಾರೆಂದು ನನಗೆ ಇಂದಿಗೂ ತಿಳಿಯದು. ದೆವ್ವವನ್ನು ನಂಬುತ್ತೇನೆಂದು ಈಗಲೂ ಹೇಳಲಾರೆ. ಮೊನ್ನೆ ಶಾರದೆಗೆ ಮತ್ತೆ ಮೈ ಸರಿಯಿರಲಿಲ್ಲ. ನಾನು ಯಾರ ಮನೆಗೂ ಕೇಳಲು ಹೋಗಲಿಲ್ಲ. ಒಳಗಿನಿಂದ ಚಿಲಕ ಹಾಕಿಕೊಳ್ಳಬೇಡ ಎಂದು ಅವಳಿಗೆ ಹೇಳಿ ಕೆಲಸಕ್ಕೆ ಹೋದೆ.