ಹುಲ್ಲಿನಲ್ಲಿ ಮಲಗುತ್ತಿದ್ದ ಮೇಷ್ಟ್ರು

ಕರಿ ಕೋಟು ತೊಟ್ಟು, ಕಚ್ಚೆಪಂಚೆ ಉಟ್ಟ ಒಬ್ಬರು ಹುಲ್ಲಿನಲ್ಲಿ ಹೊಟ್ಟೆಯ ಮೇಲೆ ಮಲಗಿರುವುದನ್ನು ಮೊದಲ ಸಲ ಕಂಡಾಗ, ಯಾರೋ ಸತ್ತುಬಿದ್ದಿದ್ದಾರೆ ಎಂದುಕೊಂಡೆ. ಪಕ್ಕದ ಕಲ್ಲಿನ ಮೇಲೆ ಅವರ ಪೇಟ ಇತ್ತು. ಸಗಣಿಬುಟ್ಟಿ ಹೊತ್ತು ಬರುತ್ತಿದ್ದ ನಾನು ಅಲ್ಲೇ ನಿಂತೆ. ಅವರು ತಲೆ ಎತ್ತಲಿಲ್ಲ. ಕೈಯನ್ನು ಮಾತ್ರ ಹಿಂದಕ್ಕೆ ಚಾಚಿ, ಕೂತುಕೋ ಎಂದು ಸನ್ನೆ ಮಾಡಿದರು. ಕೂತೆ. ಮುಂದೆ ಹುಲ್ಲೆಗಳ ಹಿಂಡು ಮೇಯುತ್ತಿತ್ತು. ದಿನವೂ ಕಾಣುತ್ತಿದ್ದ ಹುಲ್ಲೆಗಳೇ. ಆದರೆ ಅವು ಓಡದೆ ನಿಂತಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅವರೇ ನಮ್ಮ ಶಾಲೆಗೆ ಹೊಸದಾಗಿ ಬಂದಿದ್ದ ಶಾಮಣ್ಣ ಮೇಷ್ಟ್ರು. ಅದು ಎರಡನೆಯ ಮಹಾಯುದ್ಧದ ಕಾಲ. ನಮ್ಮೂರು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ, ಮಧುರೆ ಹೋಬಳಿಯ ಕಡೆಗೆ. ಊರಿನ ಪಡುವಣಕ್ಕೆ ಸರ್ಕಾರದ ಕಾವಲು ಇತ್ತು. ದನಗಳಿಗೆಂದು ಹಿಂದಿನವರು ಬಿಟ್ಟಿದ್ದ ಹುಲ್ಲುಗಾವಲು ಅದು. ಮರವಿಲ್ಲ, ಬೆಳೆಯಿಲ್ಲ, ಕಣ್ಣು ಹರಿಯುವಷ್ಟು ದೂರ ಕರಡದ ಹುಲ್ಲು. ಮಳೆಗಾಲ ಮುಗಿದ ಮೇಲೆ ಆ ಹುಲ್ಲು ಹೊಂಬಣ್ಣಕ್ಕೆ ತಿರುಗಿ, ಗಾಳಿ ಬಂದ ಕಡೆಗೆ ಒಟ್ಟಿಗೇ ಬಾಗುತ್ತಿತ್ತು. ಊರವರಿಗೆ ಅದು ಬರೀ ಬಯಲು. ಮೇಷ್ಟ್ರಿಗೆ ಹಾಗಿರಲಿಲ್ಲ. ಅವರು ಬೆಂಗಳೂರಿನ ಪೇಟೆಯ ಓಣಿಯೊಂದರಲ್ಲಿ ಹುಟ್ಟಿ ಬೆಳೆದವರು.

"ನಮ್ಮ ಬೀದೀಲಿ ಆಕಾಶ ಅನ್ನೋದು ಒಂದು ಪಂಚೆ ಅಗಲ ಕಣ್ರೋ," ಎನ್ನುತ್ತಿದ್ದರು. "ಎದುರು ಮನೆಯೋರು ಬಟ್ಟೆ ಒಣಗ್ಹಾಕಿದ್ರೆ ಅದೂ ಇಲ್ಲ."

ಪೆಟ್ರೋಲಿಲ್ಲದೆ ಇದ್ದಲು ಉರಿಸಿ ಓಡಿಸುತ್ತಿದ್ದ ಬಸ್ಸಿನಲ್ಲಿ ಮಧುರೆಗೆ ಬಂದಿಳಿದು, ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು ಅವರು ನಮ್ಮೂರಿಗೆ ನಡೆದು ಬಂದಿದ್ದರಂತೆ. ಅವರಷ್ಟು ಪುಕ್ಕಲರನ್ನು ನಾನು ನೋಡಿಲ್ಲ. ಎಮ್ಮೆಗೆ ಹೆದರುತ್ತಿದ್ದರು, ನಾಯಿಗೆ ಹೆದರುತ್ತಿದ್ದರು, ಜರಿಹುಳ ಕಂಡರೆ ಬೆಂಚಿನ ಮೇಲೆ ಹತ್ತುತ್ತಿದ್ದರು. ಆದರೂ ಶನಿವಾರ ಬೆಳಗಿನ ಪಾಠ ಮುಗಿದ ಕೂಡಲೇ ನಮ್ಮನ್ನೆಲ್ಲ ಕಾವಲಿಗೆ ಹೊರಡಿಸುತ್ತಿದ್ದರು. ಮುಂದೆ ಕುರಿ ಕಾಯುವವರ ಮನೆಯ ಮುನಿಯ, ಅವನ ಹಿಂದೆ ಮೇಷ್ಟ್ರು.

"ನೀನು ಮುಂದೆ ನಡಿಯಪ್ಪ ಮುನಿಯ. ಹಾವಿದ್ರೆ ತುಳಿಯೋಕೆ ಮುಂಚೆ ಹೇಳು. ತುಳಿದ ಮೇಲೆ ಹೇಳ್ಬೇಡ."

ಅವರಿಗಿಂತ ಮೊದಲಿದ್ದ ಮೇಷ್ಟ್ರನ್ನು ಏನಾದರೂ ಕೇಳಿದರೆ ಕಿವಿ ಹಿಂಡುತ್ತಿದ್ದರು. ಶಾಮಣ್ಣ ಮೇಷ್ಟ್ರು ಯಾವ ಪ್ರಶ್ನೆಗೂ ಒಂದೇ ಉತ್ತರ ಕೊಡುತ್ತಿದ್ದರು: "ಗೊತ್ತಿಲ್ಲ, ನೋಡೋಣ." ಗೌಜಲಹಕ್ಕಿ ಮೊಟ್ಟೆಯನ್ನು ನೆಲದ ಮೇಲೆ ಯಾಕೆ ಇಡುತ್ತದೆ, ಗಂಡು ಹುಲ್ಲೆಯ ಮೈ ಯಾಕೆ ಕಪ್ಪು, ಹಿಂಡಿನಲ್ಲಿ ಒಂದು ಯಾವಾಗಲೂ ಯಾಕೆ ಕತ್ತೆತ್ತಿ ನಿಂತಿರುತ್ತದೆ. ಗೊತ್ತಿಲ್ಲ, ನೋಡೋಣ. ಆಮೇಲೆ ಪೇಟ ತೆಗೆದು ಕಲ್ಲಿನ ಮೇಲಿಟ್ಟು ಮಲಗುವರು. ನಾವೂ ಸಾಲಾಗಿ ಮಲಗುತ್ತಿದ್ದೆವು.

ಸುದ್ದಿ ಅಪ್ಪನ ಕಿವಿಗೆ ಬಿತ್ತು. ಅಪ್ಪ ಶಾಲೆಯ ಜಗಲಿಗೇ ಬಂದ.

"ಏನ್ ಮೇಷ್ಟ್ರೇ, ಮಗ್ಗಿ ಹೇಳ್ಕೊಡ್ಲಿ ಅಂತ ಕಳ್ಸಿದ್ರೆ ಹೆಣ್ಮಗೀನ ಹುಲ್ಲಾಗೆ ಉಳ್ಳಾಡಿಸ್ತಿದ್ದೀರಂತೆ?"

"ಮಗ್ಗೀನೂ ಆಗ್ತಿದೆ ಗೌಡ್ರೇ."

"ಹುಲ್ಲೆ ನೋಡೋಕೆ ಇಸ್ಕೂಲ್ ಯಾಕೆ? ದಿನಾ ಬಂದು ನಮ್ಮ ಹುರುಳಿ ತಿಂದ್ಕೊಂಡು ಹೋಗ್ತವೆ. ಮಲಗೋದಾದ್ರೆ ನಮ್ಮ ಹೊಲದಾಗೇ ಬಂದು ಮಲಗಿ. ಕಾವಲಾದ್ರೂ ಆಗ್ತದೆ."

ಅಪ್ಪ ಚುಚ್ಚಿ ಹೇಳಿದ ಮಾತು. ಮೇಷ್ಟ್ರು ಅದನ್ನು ಕರೆಯೋಲೆ ಎಂದುಕೊಂಡರೋ ಏನೋ, ಭಾನುವಾರ ನಸುಕಿನಲ್ಲಿ ನಿಜವಾಗಿಯೂ ಬಂದು ಹುರುಳಿ ಹೊಲದ ಬದುವಿನಲ್ಲಿ ಮಲಗಿದರು. ಅಪ್ಪ ಹೋಗಿ ನೋಡುವಷ್ಟರಲ್ಲಿ ಒಂದು ಮೂಲೆಯ ಹುರುಳಿ ಬೋಳಾಗಿತ್ತು.

"ಓಡಿಸ್ಲಿಲ್ವಾ ಸ್ವಾಮಿ?"

"ಮರ್ತೇಬಿಟ್ಟೆ ಗೌಡ್ರೇ," ಎಂದರು ಮೇಷ್ಟ್ರು. "ತಿನ್ನೋದನ್ನ ನೋಡ್ತಾ ಇದ್ದೆ."

ಅಪ್ಪ ಬದುವಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಅಂದಿನಿಂದ ನಮ್ಮ ಮನೆಯ ಮೊಸರು ಮೇಷ್ಟ್ರ ಮನೆಗೆ ಹೋಗತೊಡಗಿತು.

ಕಾವಲಿನ ನಡುವೆ ಒಂದು ತಗ್ಗು ಇತ್ತು. ಸುತ್ತ ಇಳಿಜಾರು, ನಡುವೆ ಎತ್ತರದ ಹುಲ್ಲು. ಅಲ್ಲಿ ಒಂದು ದಿನ ಮುನಿಯನಿಗೆ ಹುಲ್ಲೆಮರಿ ಸಿಕ್ಕಿತು. ಹುಟ್ಟಿ ಹೆಚ್ಚು ಹೊತ್ತಾಗಿರಲಿಲ್ಲ. ಕಿವಿ ಮಡಿಸಿ, ನೆಲಕ್ಕೆ ಅಂಟಿಕೊಂಡು ಮಲಗಿತ್ತು. ನಾವು ಸುತ್ತ ನಿಂತರೂ ಅಲುಗಲಿಲ್ಲ. ಹೊಟ್ಟೆ ಮಾತ್ರ ಏರಿಳಿಯುತ್ತಿತ್ತು.

"ಅವ್ವ ಬಿಟ್ಟೋಗವಳೆ ಸಾ," ಎಂದು ಮುನಿಯ ಎತ್ತಿಕೊಳ್ಳಲು ಬಗ್ಗಿದ. "ನಮ್ಮ ಮೇಕೆ ಹಾಲು ಕುಡಿಸ್ತೀನಿ."

"ಮುಟ್ಬೇಡ."

"ಬರ್ದಿದ್ರೆ? ನರಿ ತಿಂದೋಗ್ತದೆ ಸಾ."

ಮೇಷ್ಟ್ರು ಮರಿಯನ್ನು ನೋಡಿದರು, ಬಯಲನ್ನು ನೋಡಿದರು. ಅವರ ಮುಖ ಬೆವರಿತ್ತು. "ಬರ್ತಾಳೋ ಇಲ್ವೋ ಗೊತ್ತಿಲ್ಲಪ್ಪ. ನೋಡೋಣ." ನಮ್ಮನ್ನು ದೂರದ ದಿಬ್ಬಕ್ಕೆ ಕರೆದುಕೊಂಡು ಹೋಗಿ ಮಲಗಿಸಿದರು. ಬಿಸಿಲು ಏರಿತು, ಇಳಿಯಿತು. ಯಾರೂ ಮನೆಗೆ ಹೋಗೋಣ ಎನ್ನಲಿಲ್ಲ. ಹೊತ್ತು ಕೆಂಪಾದಾಗ ತಾಯಿ ಬಂತು. ನೇರವಾಗಿ ಬರಲಿಲ್ಲ. ನಾಲ್ಕು ಹೆಜ್ಜೆ ಬರುವುದು, ನಿಂತು ಸುತ್ತಲೂ ಬಯಲಿನ ಕೊನೆಯವರೆಗೆ ನೋಡುವುದು, ಮತ್ತೆ ಬರುವುದು. ಮರಿ ಎದ್ದು ನಿಂತು ಕೆಚ್ಚಲಿಗೆ ಬಾಯಿ ಹಾಕಿದಾಗ ಮೇಷ್ಟ್ರು ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು.

"ನೋಡಿದ್ರಾ," ಎಂದರು ಮೆಲ್ಲಗೆ. "ಅದಕ್ಕೆ ದೂರ ಕಾಣ್ಬೇಕು. ದೂರ ಕಂಡ್ರೆ ಮಾತ್ರ ಧೈರ್ಯ."

ಈಗ ನನ್ನ ಮೊಮ್ಮಕ್ಕಳು ಶಾಲೆಯ ಬಸ್ಸಿನಲ್ಲಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಹುಲ್ಲೆ ನೋಡಿ ಬರುತ್ತಾರೆ. ಎಷ್ಟು ಹೊತ್ತು ನೋಡಿದಿರಿ ಎಂದು ಕೇಳಿದೆ. "ಬಸ್ಸು ನಿಲ್ಲಲಿಲ್ಲ ಅಜ್ಜಿ," ಎಂದರು.

ಮೇಷ್ಟ್ರು ಬಂದ ಮರುವರ್ಷ ರಾಗಿಗೆ ತತ್ವಾರ ಬಂತು. ಸರ್ಕಾರ ತಲೆಗಿಷ್ಟೆಂದು ಅಳೆದು ಕೊಡುತ್ತಿದ್ದ ಧಾನ್ಯ ಯಾರ ಹೊಟ್ಟೆಗೂ ಸಾಲುತ್ತಿರಲಿಲ್ಲ. ಹೆಚ್ಚು ಬೆಳೆಯಬೇಕೆಂದು ಸರ್ಕಾರ ಕಾವಲನ್ನು ಸಾಗುವಳಿಗೆ ಹಂಚಿತು. ಅಪ್ಪನಿಗೂ ಒಂದು ಪಾಲು ಬಂತು. ಅಂದು ಸಂಜೆ ಅಪ್ಪ ಮೇಷ್ಟ್ರ ಮನೆಗೆ ಹೋಗಿ ಬಾಗಿಲಲ್ಲೇ ನಿಂತ. ನಾನು ಮೊಸರಿನ ಚೊಂಬು ಹಿಡಿದು ಜೊತೆಯಲ್ಲಿದ್ದೆ.

"ಬ್ಯಾಡ ಅಂತೀರೇನೋ ನೀವು."

ಮೇಷ್ಟ್ರು ನನ್ನ ಕೈಯಿಂದ ಚೊಂಬು ತೆಗೆದುಕೊಂಡು ಒಳಗಿಟ್ಟು ಬಂದರು. "ಹಸಿದೋರಿಗೆ ಬೇಡ ಅನ್ನೋಕೆ ನಾನ್ಯಾರು ಗೌಡ್ರೇ. ಆ ತಗ್ಗೊಂದನ್ನ ಬಿಡಿ. ಮರಿ ಹಾಕೋ ಜಾಗ."

ತಗ್ಗು ಇದ್ದದ್ದು ಅಪ್ಪನ ಪಾಲಿನಲ್ಲೇ. ಅಪ್ಪ ತಲೆ ಕೆರೆದುಕೊಂಡ. "ಏನಂತ ಬಿಡೋದು? ಹುಲ್ಲೆ ಬಾಣಂತನಕ್ಕೆ ಅಂದ್ರೆ ಅಮಲ್ದಾರ್ರು ನನ್ನ ಮಕಕ್ಕೆ ಉಗೀತಾರೆ."

"ಇಸ್ಕೂಲ್ ಮೈದಾನ ಅಂತ ಹೇಳಿ."

ಅಪ್ಪ ಹಾಗೇ ಹೇಳಿ ಬಿಡಿಸಿದ.

ಉಳುವ ದಿನ ಮೇಷ್ಟ್ರು ಪಾಠ ಮಾಡಲಿಲ್ಲ. ನಮ್ಮನ್ನು ದಿಬ್ಬದ ಮೇಲೆ ನಿಲ್ಲಿಸಿಕೊಂಡು ನಿಂತರು. ಕರಡದ ಬೇರು ಗಟ್ಟಿ. ನೇಗಿಲು ಎಳೆದಾಗ ಹಳೆಯ ಬಟ್ಟೆ ಹರಿದಂಥ ಸದ್ದು ಬರುತ್ತಿತ್ತು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಗೌಜಲಹಕ್ಕಿಗಳು ಎತ್ತಿನ ಕಾಲ ಬಳಿಯಿಂದ ಎದ್ದು ಹಾರಿದವು, ಸ್ವಲ್ಪ ದೂರ ಹೋಗಿ ಇಳಿದವು, ಅಲ್ಲಿಗೂ ನೇಗಿಲು ಬಂದಾಗ ಮತ್ತೆ ಎದ್ದವು. ಹುಲ್ಲೆಗಳು ಆಚೆಯ ದಿಣ್ಣೆಯ ಮೇಲೆ ಸಾಲಾಗಿ ನಿಂತು ನೋಡುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ದಿಣ್ಣೆ ಖಾಲಿಯಾಗಿತ್ತು. ಮುನಿಯ ಎಲ್ಲಿ ಹೋದವು ಎಂದು ಕೇಳಿದ. ಮೇಷ್ಟ್ರು ಬಾಯಿ ತೆರೆದರು, ಆದರೆ ಅವರ ಆ ಎರಡು ಮಾತು ಬರಲಿಲ್ಲ.

ತಗ್ಗಿಗೆ ಆ ವರ್ಷ ಎರಡು ಹೆಣ್ಣು ಹುಲ್ಲೆ ಬಂದವು. ಅಷ್ಟರಲ್ಲಿ ಮೇಷ್ಟ್ರಿಗೆ ಹೊಸಕೋಟೆಯ ಕಡೆಗೆ ವರ್ಗವಾಯಿತು. ಬಸ್ಸು ಹತ್ತುವಾಗ ಅಪ್ಪನ ಕೈ ಹಿಡಿದು, "ಆ ಜಾಗ ಜೋಪಾನ ಗೌಡ್ರೇ," ಎಂದರು.

ಅಪ್ಪ ಜೋಪಾನ ಮಾಡಿದ. ಬರೀ ಬಯಲು ಬಿಟ್ಟರೆ ಯಾರಾದರೂ ಒತ್ತಿಕೊಳ್ಳುತ್ತಾರೆ ಎಂದು ಮುಳ್ಳುಬೇಲಿ ಹಾಕಿದ. ಮುಂಗಾರಿಗೆ ಹೊಂಗೆ, ಬೇವಿನ ಸಸಿ ನೆಟ್ಟ. ಬೇಸಿಗೆಯಲ್ಲಿ ಗಾಡಿಯ ಮೇಲೆ ನೀರು ಸಾಗಿಸಿದ. ನಾವು ಮಕ್ಕಳು ಕೊಡದಲ್ಲಿ ಹೊತ್ತೆವು. ಮೇಷ್ಟ್ರ ಹೆಸರಿನಲ್ಲಿ ಮಾಡುತ್ತಿದ್ದೇವೆಂದು ಊರಿಗೇ ಹೆಮ್ಮೆ. ಮೇಷ್ಟ್ರ ತೋಪು ಎಂದೇ ಅದಕ್ಕೆ ಹೆಸರಾಯಿತು. ಗಿಡ ಮೊಣಕಾಲೆತ್ತರ ಇದ್ದಾಗ ಒಂದು ಹುಲ್ಲೆ ಬೇಲಿಯ ಆಚೆ ಬಂದು ನಿಂತಿತ್ತು. ಎದೆಯೆತ್ತರ ಬೆಳೆದ ಮೇಲೆ ಅದೂ ಬರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ನನ್ನ ಮದುವೆ ಗೊತ್ತಾಯಿತು. ಅಪ್ಪ ಹೇಳಿಕಳಿಸಿದ್ದರಿಂದ ಮೇಷ್ಟ್ರು ಹಿಂದಿನ ದಿನವೇ ಬಂದರು. ಕೂದಲು ನರೆತಿತ್ತು. ಕೋಟು ಅದೇ. ಅಪ್ಪ ಅವರಿಗೆ ಕಾಫಿ ಕುಡಿಯಲೂ ಬಿಡದೆ ಕೈ ಹಿಡಿದು ತೋಪಿಗೆ ಕರೆದುಕೊಂಡು ಹೋದ. ನಾನು ಹಿಂದೆ ಹೋದೆ.

"ನೋಡಿ ಮೇಷ್ಟ್ರೇ. ಒಂದನ್ನೂ ಸಾಯಗೊಡ್ಲಿಲ್ಲ."

ಮೇಷ್ಟ್ರು ತಲೆಯೆತ್ತಿದರು. ಎಲೆಗಳ ಸಂದಿಯಲ್ಲಿ ಆಕಾಶ ಒಂದು ಪಂಚೆಯಷ್ಟು ಅಗಲ ಕಾಣುತ್ತಿತ್ತು. ಅವರ ಮುಖವನ್ನು ನಾನು ನೋಡುತ್ತಿದ್ದೆ. ಅಂದು ಮರಿಯ ಹತ್ತಿರ ನಿಂತಿದ್ದಾಗ ಬೆವರಿದ ಹಾಗೆಯೇ ಅದು ಬೆವರಿತ್ತು. ಅವರು ಒಂದು ಹೊಂಗೆಯ ಬೊಡ್ಡೆಯನ್ನು ಅಂಗೈಯಲ್ಲಿ ಸವರಿದರು.

"ನೆರಳು ತಂಪಾಗಿದೆ ಗೌಡ್ರೇ," ಎಂದರು. "ಎಷ್ಟು ನೀರು ಹೊತ್ತಿರ್ಬೇಕು ನೀವು."

ಅಪ್ಪನ ಮುಖ ಅರಳಿತು. ಚಪ್ಪರದ ಕೆಲಸಕ್ಕೆಂದು ಅವನು ಮನೆಯ ಕಡೆ ನಡೆದ. ಮೇಷ್ಟ್ರು ತೋಪಿನ ಅಂಚಿಗೆ ಹೋದರು. ಅಲ್ಲಿ ಮರಗಳಿಗೂ ರಾಗಿ ಹೊಲಕ್ಕೂ ನಡುವೆ ಕರಡದ ಹುಲ್ಲು ಒಂದು ಪಟ್ಟಿಯಷ್ಟು ಉಳಿದಿತ್ತು. ಪೇಟ ತೆಗೆದು ಕಲ್ಲಿನ ಮೇಲಿಟ್ಟು, ಮೊಣಕಾಲೂರಿ, ಕಷ್ಟಪಟ್ಟು ಹೊಟ್ಟೆಯ ಮೇಲೆ ಮಲಗಿದರು. ಕೈಯನ್ನು ಹಿಂದಕ್ಕೆ ಚಾಚಿದರು. ನಾನು ಹೋಗಿ ಪಕ್ಕದಲ್ಲಿ ಮಲಗಿದೆ. ಎದುರಿಗೆ ರಾಗಿಯ ಪೈರು, ಅದರಾಚೆ ಏನೂ ಇಲ್ಲ.

"ಬರ್ತವಾ ಸಾ?"

"ಗೊತ್ತಿಲ್ಲಮ್ಮ," ಎಂದರು. "ನೋಡೋಣ."

ಬಳೆಗಾರ ಬಂದಿದ್ದಾನೆಂದು ಮನೆಯ ಕಡೆಯಿಂದ ನನ್ನನ್ನು ಕೂಗಿದರು. ಮರುದಿನ ಧಾರೆಯ ಗದ್ದಲದಲ್ಲಿ ಅವರು ಯಾವಾಗ ಹೊರಟರೋ ನನಗೆ ತಿಳಿಯಲಿಲ್ಲ; ಮತ್ತೆಂದೂ ಅವರನ್ನು ನಾನು ಕಾಣಲಿಲ್ಲ. ಅಂದು ಆ ಕೂಗಿಗೆ ಎದ್ದು, ಸೀರೆಗೆ ಹತ್ತಿದ ಹುಲ್ಲು ಕೊಡವಿಕೊಂಡು, ಸ್ವಲ್ಪ ದೂರ ಹೋಗಿ ತಿರುಗಿ ನೋಡಿದೆ. ಹುಲ್ಲಿನಲ್ಲಿ ಮೇಷ್ಟ್ರು ಕಾಣಲಿಲ್ಲ. ಕಲ್ಲಿನ ಮೇಲೆ ಪೇಟ ಮಾತ್ರ ಇತ್ತು.