ಮೊದಲು ಬೆಚ್ಚಿದ್ದು ಕೋಳಿಯೇ?

ನಮ್ಮತ್ತೆ ಹಿನಕಲ್‌ನಿಂದ ವಿಜಯನಗರದ ನಮ್ಮ ಮನೆಗೆ ಇರಲು ಬಂದಾಗ ಒಂದು ಕೋಳಿಯನ್ನೂ ಕರೆತಂದರು. ಅದು ಇರಬೇಕಾದ್ದು ಹಿತ್ತಲಲ್ಲಿ. ಇರುತ್ತಿದ್ದದ್ದು ಅಡುಗೆಮನೆ ಕಟ್ಟೆಯ ಮೇಲೆ. ಒಂದು ಬೆಳಿಗ್ಗೆ ಕೋಳಿಯ ಪಕ್ಕ ದೋಸೆ ಹಿಟ್ಟಿನ ಪಾತ್ರೆ, ಪಾತ್ರೆಯ ಪಕ್ಕ ನಾನು. ಕುಕ್ಕರಿನ ಸೇಫ್ಟಿ ವಾಲ್ವ್ ಢಮ್ಮೆಂದು ಕಿತ್ತುಹೋಯಿತು. ಮರುಕ್ಷಣ ಹಿಟ್ಟೆಲ್ಲ ನೆಲದ ಮೇಲೆ.

ಬಟ್ಟೆ ಒಣಹಾಕುತ್ತಿದ್ದ ಹೆಂಡತಿ ಓಡಿಬಂದು ಇದು ಯಾರ ಕೆಲಸ ಎಂದಳು. ನಾನು ಕಂಡದ್ದನ್ನೇ ಹೇಳಿದೆ: ಮೊದಲು ಕೋಳಿ ಹಾರಿತು, ಅದರ ರೆಕ್ಕೆ ಪಾತ್ರೆಗೆ ತಗುಲಿತು, ಬೆಚ್ಚಿದ್ದು ನಾನು ಆಮೇಲೆ. ಹಾಗಾದರೆ ಭಾನುವಾರ ಕೋಳಿ ಸಾರು ಎಂದು ತೀರ್ಪು ಕೊಟ್ಟು, ಒರೆಸುವ ಬಟ್ಟೆಯನ್ನು ನನ್ನ ಕೈಗಿತ್ತಳು.

ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮಾಡಿದವನಿಗೆ ಸುಮ್ಮನಿರಲು ಬರುವುದಿಲ್ಲ. ಒರೆಸುತ್ತಲೇ ವಿವರಿಸಿದೆ. ದಿಢೀರನೆ ಸದ್ದಾದರೆ ಇಲಿಯಾಗಲಿ ಮನುಷ್ಯನಾಗಲಿ, ಸುದ್ದಿ ಕಿವಿಯಿಂದ ಮೆದುಳಿನ ಬುಡಕ್ಕೆ ಹೋಗಿ, ಅಲ್ಲಿನ ಕೆಲವು ದೊಡ್ಡ ನರಕೋಶಗಳ ಮೂಲಕ ನೇರ ಬೆನ್ನುಹುರಿಗೆ ಇಳಿಯುತ್ತದೆ. ಯೋಚಿಸುವ ಮೇಲಿನ ಭಾಗವನ್ನು ಯಾರೂ ಕೇಳುವುದಿಲ್ಲ. ಹಕ್ಕಿಗಳಲ್ಲೂ ಹೆಚ್ಚುಕಡಿಮೆ ಹಾಗೇ, ಬುಡದಲ್ಲೇ ಮುಗಿಯುವ ವ್ಯವಹಾರ. ಆದರೆ ಕೋಳಿಯ ಮೈ ಚಿಕ್ಕದು, ನರದ ದಾರಿ ಗಿಡ್ಡ, ಹಾಗಾಗಿ ಅದೇ ಮೊದಲು. ನಮ್ಮಲ್ಲಿ ಕೈಕಾಲಿಗೆ ಸುದ್ದಿ ಮುಟ್ಟುವುದು ತಡ. ಎಲ್ಲಕ್ಕಿಂತ ಮುಂಚೆ ಮುಚ್ಚಿಕೊಳ್ಳುವುದು ಕಣ್ಣು.

"ಹಂಗಾದ್ರೆ ಕೋಳಿ ಹಾರಿದ್ದನ್ನ ಯಾವ ಕಣ್ಣಲ್ಲಿ ನೋಡಿದ್ರಿ?" ಎಂದಳು ಹೆಂಡತಿ.

ಒರೆಸುವುದು ನಿಂತಿತು. ಆ ರೆಕ್ಕೆ ನನಗೆ ಈಗಲೂ ಕಾಣುತ್ತದೆ, ಗರಿ ಗರಿಯೂ. ಆದರೆ ರೆಪ್ಪೆ ಮುಚ್ಚಿದ್ದಾಗ ಅದನ್ನು ನೋಡಿದವರು ಯಾರು? ಹಿಟ್ಟು ಚೆಲ್ಲಿದ್ದು ಕಂಡಮೇಲೆ, ಅದುವರೆಗೆ ಯಾರೂ ಕೇಳದಿದ್ದ ಆ ಮೇಲಿನ ಭಾಗವೇ ಎಚ್ಚರವಾಗಿ ತನಗೆ ಅನುಕೂಲವಾದ ಕತೆಯೊಂದನ್ನು ಹೆಣೆದಿರಬೇಕು.

ಉಳಿದ ಸಾಕ್ಷಿ ಮೂಲೆಯಲ್ಲಿ ಈರುಳ್ಳಿ ಸುಲಿಯುತ್ತಿದ್ದ ಅತ್ತೆ. ಕಿವಿಯ ಮಿಷನ್ ಹಾಕಿಕೊಂಡಿರಲಿಲ್ಲ. ಅವರ ಮಟ್ಟಿಗೆ ಸದ್ದೇ ಆಗಿಲ್ಲ, ಹಾಗಾಗಿ ಕಣ್ಣೂ ಮುಚ್ಚಿಲ್ಲ. ಮಿಷನ್ ಹಾಕಿಸಿ ಕೇಳಿದೆವು.

"ಇಬ್ರೂ ಒಟ್ಟಿಗೇ ಹಾರಿದ್ರಿ ಅಳಿಯಂದ್ರೇ. ಕೋಳಿ ಕಿಟಕಿ ಕಡೆ ಹೋಯ್ತು, ನಿಮ್ ಮೊಣಕೈ ಪಾತ್ರೆ ಕಡೆ ಹೋಯ್ತು."

ಮೊದಲೇ ಹೇಳಬಾರದಿತ್ತೇ ಎಂದರೆ, ಯಾರೂ ಕೇಳಲಿಲ್ಲವಲ್ಲ ಎಂದು ಮತ್ತೆ ಈರುಳ್ಳಿಗೆ ಕೈ ಹಾಕಿದರು.

ಭಾನುವಾರ ಸೊಪ್ಪಿನ ಸಾರು ಆಯಿತು. ಕೋಳಿ ಈಗಲೂ ಕಟ್ಟೆಯ ಮೇಲೇ ಇದೆ. ಕುಕ್ಕರ್ ಇಟ್ಟಾಗ ಅಡುಗೆಮನೆಗೆ ಕಾಲಿಡಬಾರದೆಂದು ಅಪ್ಪಣೆಯಾಗಿರುವುದು ನನಗೆ.